ಒಂಟಿ ಚಕ್ರದ ಮೇಲೆ ಹೊರೆ: ಹೊರುವ ಮೊದಲು ಇಳಿಯೋದು ಕಲಿಯೋಣ

ಯುನಿಸೈಕಲ್ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಸರ್ಕಸ್. ಒಂದು ಚಕ್ರ, ಒಂದು ಫ್ರೇಮ್, ಎರಡು ಪೆಡಲ್, ಮೇಲೊಂದು ಸೀಟು. ಹ್ಯಾಂಡಲ್ ಇಲ್ಲ, ಚೈನ್ ಇಲ್ಲ. ಪೆಡಲ್ ನೇರವಾಗಿ ಚಕ್ರದ ಹಬ್‌ಗೇ ಕೂತಿರುವುದರಿಂದ ಪೆಡಲ್ ಒಂದು ಸುತ್ತು ತಿರುಗಿದರೆ ಚಕ್ರವೂ ಒಂದೇ ಸುತ್ತು. ಸೈಕಲ್ಲಿನ ಹಾಗೆ ಪೆಡಲ್ ನಿಲ್ಲಿಸಿ ಸುಮ್ಮನೆ ಉರುಳಿಕೊಂಡು ಹೋಗೋದಕ್ಕೆ ಇದರಲ್ಲಿ ಆಗಲ್ಲ. ಕಾಲು ನಿಂತರೆ ಚಕ್ರ ನಿಲ್ಲುತ್ತೆ, ಚಕ್ರ ನಿಂತರೆ ನಾವು ಬೀಳ್ತೀವಿ.

ಆದರೆ ಒಮ್ಮೆ ಓಡಿಸಲು ಬಂತು ಅಂದರೆ ಮುಂದಿನ ಪ್ರಶ್ನೆ ತಾನಾಗೇ ಬರುತ್ತದೆ. ಇದರ ಮೇಲೆ ಕಾಲೇಜ್ ಬ್ಯಾಗ್ ಹಾಕ್ಕೊಂಡು ಹೋಗಬಹುದಾ? ಅಂಗಡಿಯಿಂದ ಹಾಲು, ಹಣ್ಣು ತರಬಹುದಾ? ಪ್ರಾಜೆಕ್ಟಿನ ಚಾರ್ಟ್ ಬೋರ್ಡ್ ಒಯ್ಯಬಹುದಾ? ಈ ಪ್ರಶ್ನೆಗೆ "ಪ್ರಾಕ್ಟೀಸ್ ಮಾಡಿದರೆ ಆಗುತ್ತೆ" ಅನ್ನೋ ಉತ್ತರ ನಮಗೆ ಸಾಕಾಗಲಿಲ್ಲ. ನಾವು ಓದುತ್ತಿರುವುದು ಇಂಜಿನಿಯರಿಂಗ್ ತಾನೆ? ಮೊದಲ ವರ್ಷದ ಮೆಕ್ಯಾನಿಕ್ಸ್ ಇಷ್ಟಕ್ಕಾದರೂ ಉಪಯೋಗಕ್ಕೆ ಬರಲಿ ಅಂತ ಕಾಗದ, ಪೆನ್ನು ತಗೊಂಡು ಕೂತೆವು. ಲೆಕ್ಕ ಮಾಡಿದ ಮೇಲೆ ಗೊತ್ತಾಗಿದ್ದು ಏನೆಂದರೆ, ಹೊರೆ ಎಷ್ಟು ಭಾರ ಅನ್ನೋದು ಇಲ್ಲಿ ಮುಖ್ಯ ಪ್ರಶ್ನೆಯೇ ಅಲ್ಲ. ಅದು ಎಲ್ಲಿದೆ, ಅಲ್ಲಾಡುತ್ತಾ, ಮತ್ತು ಅದನ್ನು ಹೊತ್ತುಕೊಂಡೇ ನೆಗೆದು ಇಳಿಯೋದಕ್ಕೆ ಆಗುತ್ತಾ ಅನ್ನೋ ಮೂರು ಪ್ರಶ್ನೆಗಳೇ ಮುಖ್ಯ. ಮೂರರಲ್ಲೂ ಕೊನೆಯದೇ ದೊಡ್ಡದು. ಒಂದೊಂದಾಗಿ ನೋಡೋಣ.

ಮೊದಲ ಲೆಕ್ಕ: ಎತ್ತರ

ಯುನಿಸೈಕಲ್ ಮೇಲೆ ಕೂತ ಮನುಷ್ಯ ಎಂದರೆ ತಲೆಕೆಳಗಾದ ಲೋಲಕ. ಕಂಟ್ರೋಲ್ಸ್ ಲ್ಯಾಬಿನಲ್ಲಿ ಗಾಡಿಯ ಮೇಲೆ ಕೋಲು ನಿಲ್ಲಿಸುವ ಪ್ರಯೋಗ ಇರುತ್ತಲ್ಲ, ಅದೇ. ಕೋಲು ಮುಂದಕ್ಕೆ ವಾಲಿದರೆ ಗಾಡಿ ಮುಂದೆ ಓಡಿ ಅದರ ಕೆಳಗೆ ಬರಬೇಕು. ಸವಾರ ಮುಂದಕ್ಕೆ ವಾಲಿದರೆ ಚಕ್ರ ಮುಂದೆ ಓಡಿ ಅವನ ಕೆಳಗೆ ಬರಬೇಕು. ಅಂದರೆ ಯುನಿಸೈಕಲ್ ಓಡಿಸುವುದು ಎಂದರೆ ಮುಂದಕ್ಕೆ ಬೀಳುತ್ತಾ, ಬೀಳದ ಹಾಗೆ ಚಕ್ರವನ್ನು ಹಿಂಬಾಲಿಸುತ್ತಾ ಹೋಗುವುದು.

ಎಷ್ಟು ಬೇಗ ಬೀಳ್ತೀವಿ? ಅದಕ್ಕೊಂದು ಸರಳ ಸೂತ್ರ ಇದೆ. ನೆಲದಿಂದ ಗುರುತ್ವ ಕೇಂದ್ರದ ಎತ್ತರವನ್ನು 9.81ರಿಂದ ಭಾಗಿಸಿ ವರ್ಗಮೂಲ ತಗೊಳ್ಳಿ. ಸಿಗುವ ಸೆಕೆಂಡುಗಳಲ್ಲಿ ಒಂದು ಸಣ್ಣ ವಾಲು ಸುಮಾರು 2.7 ಪಟ್ಟು ದೊಡ್ಡದಾಗುತ್ತದೆ. ಬೆರಳ ಮೇಲೆ ಪೆನ್ಸಿಲ್ ನಿಲ್ಲಿಸಿದರೆ ಈ ಸಮಯ ಸುಮಾರು 0.1 ಸೆಕೆಂಡು. ನಮ್ಮ ಕಣ್ಣು ನೋಡಿ ಕೈ ಸರಿಪಡಿಸೋದಕ್ಕೇ ಸುಮಾರು 0.2 ಸೆಕೆಂಡು ಬೇಕು. ಅದಕ್ಕೇ ಪೆನ್ಸಿಲ್ ನಿಲ್ಲೋದಿಲ್ಲ. ಒಂದೂವರೆ ಮೀಟರ್ ಉದ್ದದ ಕೋಲಿಗೆ ಇದೇ ಸಮಯ ಸುಮಾರು 0.3 ಸೆಕೆಂಡು, ಹಾಗಾಗಿ ಮಕ್ಕಳೂ ಅಂಗೈ ಮೇಲೆ ಅದನ್ನು ನಿಲ್ಲಿಸಿ ಆಡ್ತಾರೆ.

ಈಗ 20 ಇಂಚಿನ ಯುನಿಸೈಕಲ್ ತಗೊಳ್ಳೋಣ. ಸವಾರ, ಯುನಿಸೈಕಲ್ ಸೇರಿ 60 ಕಿಲೋ, ಗುರುತ್ವ ಕೇಂದ್ರ ನೆಲದಿಂದ 1.1 ಮೀಟರ್ ಅಂತ ಇಟ್ಟುಕೊಂಡರೆ ಸಮಯ 0.335 ಸೆಕೆಂಡು. ಬೆನ್ನಿಗೆ 10 ಕಿಲೋ ಬ್ಯಾಗ್ ಹಾಕಿ, ಅದರ ಕೇಂದ್ರ 1.3 ಮೀಟರ್ ಎತ್ತರದಲ್ಲಿ ಇದೆ ಅನ್ನಿ. ಒಟ್ಟು ಕೇಂದ್ರ 1.13 ಮೀಟರಿಗೆ ಏರುತ್ತದೆ, ಸಮಯ 0.339 ಆಗುತ್ತದೆ. ಅದೇ 10 ಕಿಲೋವನ್ನು ಸೀಟಿನ ಕೆಳಗೆ 0.6 ಮೀಟರ್ ಎತ್ತರದಲ್ಲಿ ಕಟ್ಟಿದರೆ ಸಮಯ 0.324.

ಎರಡು ವಿಷಯ ಗಮನಿಸಿ. ಒಂದು, ವ್ಯತ್ಯಾಸ ತುಂಬಾ ಸಣ್ಣದು. ಎತ್ತರದ ದೃಷ್ಟಿಯಿಂದ ಹೊರೆ ಎಲ್ಲಿಟ್ಟರೂ ಸವಾರನಿಗೆ ಹೆಚ್ಚು ಕಡಿಮೆ ಒಂದೇ. ಎರಡು, ಹೊರೆ ಮೇಲಿದ್ದರೆ ಸಮಯ ಕಡಿಮೆ ಆಗೋದಲ್ಲ, ಸ್ವಲ್ಪ ಜಾಸ್ತಿಯೇ ಆಗುತ್ತದೆ. "ಭಾರ ಕೆಳಗಿದ್ದರೆ ಬ್ಯಾಲೆನ್ಸ್ ಚೆನ್ನಾಗಿರುತ್ತೆ" ಅನ್ನೋದು ನಾಲ್ಕು ಚಕ್ರದ ಕಾರಿಗೆ ಸರಿ, ಯಾಕಂದರೆ ಕಾರು ತಾನೇ ನಿಲ್ಲುತ್ತದೆ. ತಲೆಕೆಳಗಾದ ಲೋಲಕ ತಾನೇ ನಿಲ್ಲೋದಿಲ್ಲ, ಅದನ್ನು ಹಿಡಿಯೋದಕ್ಕೆ ಸಮಯ ಬೇಕು, ಆ ಸಮಯ ಕೊಡುವುದು ಎತ್ತರ.

'ರೆಡ್ ಪಾಂಡಾ' ಎಂಬ ಹೆಸರಿನ ಕಲಾವಿದೆಯ ವಿಡಿಯೋ ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಪಂದ್ಯಗಳ ಮಧ್ಯದ ಬಿಡುವಿನಲ್ಲಿ, ಎರಡು ಮೀಟರಿಗೂ ಎತ್ತರದ ಯುನಿಸೈಕಲ್ ಮೇಲೆ ಕೂತು, ಕಾಲಿನ ಮೇಲೆ ಬಟ್ಟಲುಗಳನ್ನು ಜೋಡಿಸಿ, ಒದ್ದು ತಲೆಯ ಮೇಲೆ ಹಿಡಿಯುತ್ತಾರೆ. ನೋಡುವವರಿಗೆ ಎತ್ತರವೇ ಭಯ. ಲೆಕ್ಕದಲ್ಲಿ ಮಾತ್ರ ಎತ್ತರ ಅವರಿಗೆ ಸಹಾಯವೇ. ಕೇಂದ್ರ 3 ಮೀಟರ್ ಎತ್ತರದಲ್ಲಿ ಇದೆ ಅಂದುಕೊಂಡರೆ ಸಮಯ 0.55 ಸೆಕೆಂಡು, ನಮ್ಮದಕ್ಕಿಂತ ಎಷ್ಟೋ ನಿಧಾನ. ಎತ್ತರ ಕೇಡು ಮಾಡೋದು ಬ್ಯಾಲೆನ್ಸಿಗಲ್ಲ, ಬಿದ್ದಾಗ. 2025ರ ಜುಲೈಯಲ್ಲಿ ಪ್ರದರ್ಶನದ ಮಧ್ಯೆ ಅವರು ಬಿದ್ದು ಮಣಿಕಟ್ಟಿನ ಮೂಳೆ ಮುರಿಯಿತು. ದಶಕಗಳ ಅನುಭವ ಇದ್ದವರಿಗೇ ಹೀಗಾದರೆ, ಹೊರೆ ಹೊರುವ ಮೊದಲು ಬೀಳುವುದರ ಬಗ್ಗೆ ಯೋಚಿಸಬೇಕು ಅನ್ನೋದು ಅತಿಯಾದ ಎಚ್ಚರಿಕೆ ಏನಲ್ಲ.

ಎರಡನೇ ಲೆಕ್ಕ: ನಡುವಿನಿಂದ ಎಷ್ಟು ದೂರ

ಎತ್ತರ ಹೆಚ್ಚು ತೊಂದರೆ ಕೊಡಲ್ಲ ಅಂದಮೇಲೆ ತೊಂದರೆ ಕೊಡೋದು ಯಾವುದು? ಹೊರೆ ನಮ್ಮ ನಡುಗೆರೆಯಿಂದ ಮುಂದೆ, ಹಿಂದೆ ಅಥವಾ ಪಕ್ಕಕ್ಕೆ ಎಷ್ಟು ದೂರ ಇದೆ ಅನ್ನೋದು.

ಬೆನ್ನಿನ ಬ್ಯಾಗಿನ 10 ಕಿಲೋ ನಮ್ಮ ಮೈಯ ಕೇಂದ್ರದಿಂದ 25 ಸೆಂಟಿಮೀಟರ್ ಹಿಂದೆ ಇದೆ ಎನ್ನೋಣ. ಒಟ್ಟು ಕೇಂದ್ರ 3.6 ಸೆಂಟಿಮೀಟರ್ ಹಿಂದಕ್ಕೆ ಹೋಗುತ್ತದೆ. ಅದನ್ನು ಮತ್ತೆ ಚಕ್ರದ ಮೇಲೆ ತರೋದಕ್ಕೆ ಸುಮಾರು 1.8 ಡಿಗ್ರಿ ಮುಂದೆ ಬಾಗಬೇಕು. ಇದು ದೊಡ್ಡದಲ್ಲ, ಐದು ನಿಮಿಷದಲ್ಲಿ ಮೈಗೆ ಅಭ್ಯಾಸ ಆಗುತ್ತದೆ. ಆದರೂ ಬ್ಯಾಗ್ ಹಾಕಿದ ಮೊದಲ ಸಲ ಹಿಂದಕ್ಕೆ ಜಗ್ಗಿದ ಹಾಗೆ ಆಗೋದು ಇದರಿಂದಲೇ. ಲ್ಯಾಪ್‌ಟಾಪ್, ದಪ್ಪ ಪುಸ್ತಕಗಳನ್ನು ಬೆನ್ನಿಗೆ ಅಂಟಿದ ಹಾಗೆ ಒಳಗಿನ ಖಾನೆಯಲ್ಲಿ ಇಟ್ಟು, ಜಾಕೆಟ್, ಟಿಫಿನ್ ಬಾಕ್ಸ್ ಹೊರಗಿನ ಖಾನೆಯಲ್ಲಿ ಇಟ್ಟರೆ ಆ 25 ಸೆಂಟಿಮೀಟರ್ 15ಕ್ಕೆ ಇಳಿಯಬಹುದು. ಕಾಸು ಖರ್ಚಿಲ್ಲದ ಸುಧಾರಣೆ.

ಪಕ್ಕದ ಹೊರೆ ಇದಕ್ಕಿಂತ ಕಷ್ಟ. ಒಂದು ಕೈಯಲ್ಲಿ 5 ಕಿಲೋ ಚೀಲ, ನಡುವಿನಿಂದ 40 ಸೆಂಟಿಮೀಟರ್ ದೂರ. ಕೇಂದ್ರ 3.1 ಸೆಂಟಿಮೀಟರ್ ಪಕ್ಕಕ್ಕೆ ಸರಿಯುತ್ತದೆ. ಬೆನ್ನಿನ ಬ್ಯಾಗಿನ ಅರ್ಧ ತೂಕ, ಆದರೂ ಹೆಚ್ಚು ಕಡಿಮೆ ಅಷ್ಟೇ ಸರಿತ. ಮುಂದೆ ಹಿಂದೆ ವಾಲಿದರೆ ಪೆಡಲ್ ಒತ್ತಿ ತಕ್ಷಣ ಸರಿಮಾಡಬಹುದು. ಪಕ್ಕಕ್ಕೆ ವಾಲಿದರೆ ಮೊದಲು ಚಕ್ರವನ್ನು ಆ ಕಡೆ ತಿರುಗಿಸಿ, ಆಮೇಲೆ ಅದು ನಮ್ಮ ಕೆಳಗೆ ಬರುವ ತನಕ ಕಾಯಬೇಕು. ಜೊತೆಗೆ ಆ ತಿರುಗಿಸುವಿಕೆಗೆ ಬೀಸೋದಕ್ಕೆ ಬೇಕಾದ ಕೈಯೇ ಈಗ ಚೀಲ ಹಿಡಿದಿದೆ.

ನಮ್ಮ ಊರುಗಳಲ್ಲಿ ಹೊರೆ ಹೊರುವ ಹಳೇ ಉಪಾಯಗಳನ್ನು ನೋಡಿದರೆ ಇದೇ ಲೆಕ್ಕ ಕಾಣುತ್ತದೆ. ತಲೆಯ ಮೇಲಿನ ಕೊಡ ನಡುಗೆರೆಯ ಮೇಲೇ ಇರುತ್ತದೆ, ಸರಿತ ಸೊನ್ನೆ. ಅಡ್ಡೆಯಲ್ಲಿ ಎರಡು ಕಡೆ ಸಮ ಭಾರ, ಸರಿತ ಮತ್ತೆ ಸೊನ್ನೆ. ಸೊಂಟದ ಮೇಲೆ ಒಂದು ಕೊಡ ಇಟ್ಟವರು ಇನ್ನೊಂದು ಕಡೆ ಬಾಗಿ ನಡೆಯುತ್ತಾರೆ. ಫ್ರೀ ಬಾಡಿ ಡಯಾಗ್ರಾಂ ಬರೆಯದೆಯೇ ನಮ್ಮಜ್ಜಿಯರಿಗೆ ಇದು ಗೊತ್ತಿತ್ತು.

ಮೂರನೇ ಲೆಕ್ಕ: ಅಲ್ಲಾಟ

ಇದುವರೆಗಿನದು ಅಲ್ಲಾಡದ ಹೊರೆ. ಅಲ್ಲಾಡದ ಹೊರೆ ಎಷ್ಟೇ ವಿಚಿತ್ರವಾಗಿದ್ದರೂ ಮೈ ಅದಕ್ಕೆ ಒಗ್ಗುತ್ತದೆ. ತೂಗಾಡುವ ಹೊರೆಗೆ ಒಗ್ಗೋದು ಕಷ್ಟ, ಯಾಕೆಂದರೆ ಅದು ಕ್ಷಣಕ್ಕೊಂದು ಕಡೆ ಇರುತ್ತದೆ.

ಕೈಯಿಂದ 60 ಸೆಂಟಿಮೀಟರ್ ಕೆಳಗೆ ತೂಗುವ ಚೀಲವನ್ನು ಸಾದಾ ಲೋಲಕ ಎಂದುಕೊಂಡರೆ ಅದರ ಆವರ್ತ ಕಾಲ 1.55 ಸೆಕೆಂಡು. ಯುನಿಸೈಕಲ್ ಓಡಿಸುವಾಗ ಎಡಗಾಲು, ಬಲಗಾಲು ಒತ್ತಿದ ಹಾಗೆ ಮೈ ಒಂದು ಸುತ್ತಿಗೆ ಒಂದು ಸಲ ಎಡಕ್ಕೂ ಬಲಕ್ಕೂ ತೊನೆಯುತ್ತದೆ. ಆ ಸುತ್ತೂ 1.55 ಸೆಕೆಂಡು ಆದಾಗ, ಅಂದರೆ ನಿಮಿಷಕ್ಕೆ ಸುಮಾರು 39 ಸುತ್ತು ಆದಾಗ, ರೆಸೊನೆನ್ಸ್! 20 ಇಂಚಿನ ಚಕ್ರ ಸುತ್ತಿಗೆ 1.6 ಮೀಟರ್ ಹೋಗುತ್ತದೆ, ಅಂದರೆ ಗಂಟೆಗೆ ಸುಮಾರು 3.7 ಕಿಲೋಮೀಟರ್. ಇದು ನಡೆಯುವ ವೇಗ, ಜನರ ಮಧ್ಯೆ ಹುಷಾರಾಗಿ ನಿಧಾನ ಹೋಗುವಾಗ ನಾವು ಹಿಡಿಯುವ ವೇಗ. "ನಿಧಾನ ಹೋದರೆ ಸೇಫ್" ಅಂತ ನಿಧಾನ ಮಾಡಿದಾಗಲೇ ಚೀಲ ಜೋರಾಗಿ ತೂಗಾಡಲು ಶುರುಮಾಡುತ್ತದೆ.

ಹಾಗಾದರೆ ಚೀಲದ ಹಿಡಿಕೆ ಗಿಡ್ಡ ಮಾಡಿದರೆ? ತೂಗುವ ಉದ್ದ 15 ಸೆಂಟಿಮೀಟರ್ ಆದರೆ ಆವರ್ತ ಕಾಲ 0.78 ಸೆಕೆಂಡು, ಅಂದರೆ ನಿಮಿಷಕ್ಕೆ 77 ಸುತ್ತು, ಗಂಟೆಗೆ 7.4 ಕಿಲೋಮೀಟರ್. ಇದು 20 ಇಂಚಿನ ಚಕ್ರದ ಮಾಮೂಲಿ ಓಟದ ವೇಗ! ತೊಂದರೆ ಹೋಗಲಿಲ್ಲ, ಬೇರೆ ವೇಗಕ್ಕೆ ವರ್ಗವಾಯಿತು ಅಷ್ಟೆ. ನಿಜವಾದ ಪರಿಹಾರ ಒಂದೇ: ತೂಗುಬಿಡದೆ ಬಿಗಿಯಾಗಿ ಕಟ್ಟುವುದು. ಬ್ಯಾಗಿಗೆ ಎದೆಯ ಪಟ್ಟಿ, ಸೊಂಟದ ಪಟ್ಟಿ ಎರಡೂ ಇರಬೇಕು, ಹಾಕಲೂಬೇಕು. ಒಂದೇ ಭುಜಕ್ಕೆ ನೇತುಹಾಕುವ ಬ್ಯಾಗ್ ಬೇಡ.

ನೀರಿನ ವಿಷಯದಲ್ಲಿ ಗಾದೆಯೇ ಥಿಯರಿ ಹೇಳಿಬಿಟ್ಟಿದೆ: ತುಂಬಿದ ಕೊಡ ತುಳುಕುವುದಿಲ್ಲ. ಅಂಚಿನ ತನಕ ತುಂಬಿ ಮುಚ್ಚಿದ ಬಾಟಲಿಯಲ್ಲಿ ನೀರಿಗೆ ಓಡಾಡಲು ಜಾಗವಿಲ್ಲ, ಅದು ಕಲ್ಲಿನ ಹಾಗೆ. ಅರ್ಧ ತುಂಬಿದ ಕ್ಯಾನಿನಲ್ಲಿ ತೂಕ ಕಡಿಮೆ, ಆದರೆ ನೀರೆಲ್ಲ ಒಂದು ಬದಿಯಿಂದ ಇನ್ನೊಂದು ಬದಿಗೆ ಓಡುತ್ತದೆ. ಒಯ್ಯಲೇಬೇಕಾದರೆ ಒಂದು ಅರ್ಧ ತುಂಬಿದ ದೊಡ್ಡ ಕ್ಯಾನಿಗಿಂತ ಪೂರ್ತಿ ತುಂಬಿದ ನಾಲ್ಕು ಚಿಕ್ಕ ಬಾಟಲಿಗಳೇ ವಾಸಿ.

ಹಗುರ, ಆದರೂ ಕಷ್ಟ

ಈಗ ಪ್ರಾಜೆಕ್ಟ್ ಬೋರ್ಡಿನ ಪ್ರಶ್ನೆ. ಎ1 ಅಳತೆಯ ಹಾಳೆಯ ವಿಸ್ತೀರ್ಣ ಅರ್ಧ ಚದರ ಮೀಟರ್. ಥರ್ಮಾಕೋಲ್ ಬೋರ್ಡ್ ಅಂದರೆ ಅರ್ಧ ಕಿಲೋ ಕೂಡ ಬರಲ್ಲ. ಆದರೆ ಅದಕ್ಕೆ ಪಕ್ಕದಿಂದ ಸೆಕೆಂಡಿಗೆ 8 ಮೀಟರ್ ಗಾಳಿ ಬಡಿದರೆ ಬಲ ಸುಮಾರು 21 ನ್ಯೂಟನ್. ನೆಲದಿಂದ 1.3 ಮೀಟರ್ ಎತ್ತರದಲ್ಲಿ ಹಿಡಿದಿದ್ದರೆ ಟಾರ್ಕ್ 27 ನ್ಯೂಟನ್ ಮೀಟರ್. ಮೇಲೆ ಹೇಳಿದ 5 ಕಿಲೋ ಕೈಚೀಲದ ಟಾರ್ಕ್ 20ಕ್ಕಿಂತ ಸ್ವಲ್ಪ ಕಡಿಮೆ. ಅರ್ಧ ಕಿಲೋ ಬೋರ್ಡ್ 5 ಕಿಲೋ ಚೀಲಕ್ಕಿಂತ ಜಾಸ್ತಿ ತಳ್ಳುತ್ತದೆ! ಅದೂ ಚೀಲದ ಹಾಗೆ ಸದಾ ಅಲ್ಲ, ಕಟ್ಟಡದ ಮೂಲೆ ದಾಟಿದ ಕೂಡಲೇ ಒಮ್ಮೆಲೇ. ಹಾಳೆಯಾದರೆ ಸುತ್ತಿ ಟ್ಯೂಬಿನಲ್ಲಿ ಹಾಕಿ ಬೆನ್ನಿಗೆ ಉದ್ದಕ್ಕೆ ಕಟ್ಟಿ. ಬೋರ್ಡ್ ಆದರೆ ನಡೆದುಕೊಂಡೇ ಹೋಗಿ.

ಉದ್ದದ ಪೈಪು, ಕೋಲು? ಹಗ್ಗದ ಮೇಲೆ ನಡೆಯುವವರು ಉದ್ದ ಕೋಲು ಅಡ್ಡ ಹಿಡೀತಾರಲ್ಲ, ನಮಗೂ ಒಳ್ಳೇದಲ್ವಾ ಅಂತ ಅನ್ನಿಸಬಹುದು. ಅವರಿಗೆ ಆ ಕೋಲು ಪಕ್ಕಕ್ಕೆ ವಾಲುವುದನ್ನು ನಿಧಾನ ಮಾಡುತ್ತದೆ. ನಮಗೂ ಅಷ್ಟು ಲಾಭ ಇದೆ. ಮೇಲಿನ ಮೈ ತಿರುಗದೆ ಗಟ್ಟಿಯಾಗಿ ನಿಲ್ಲೋದರಿಂದ ಸೊಂಟದ ಕೆಳಗೆ ಚಕ್ರವನ್ನು ಸ್ವಲ್ಪ ಸ್ವಲ್ಪ ತಿರುಗಿಸಲೂ ಆಧಾರ ಸಿಗುತ್ತದೆ. ಆದರೆ ಹಗ್ಗದ ಮೇಲಿನವರು ನೇರ ಹೋಗ್ತಾರೆ, ನಾವು ತಿರುವು ತಗೋಬೇಕು. 2 ಮೀಟರ್ ಉದ್ದದ 3 ಕಿಲೋ ಪೈಪಿನ ಜಡತ್ವ ಭ್ರಮಣಾಂಕ 1 ಕಿಲೋಗ್ರಾಂ ಚದರ ಮೀಟರ್. ಮನುಷ್ಯ ನೆಟ್ಟಗೆ ನಿಂತು ತಿರುಗುವಾಗಿನ ಭ್ರಮಣಾಂಕವೂ ಹೆಚ್ಚು ಕಡಿಮೆ ಇಷ್ಟೇ. ಅಂದರೆ ತಿರುಗಬೇಕಾದ 'ನಾವು' ಸುಮಾರು ಎರಡರಷ್ಟಾದೆವು. ಕ್ಯಾಂಪಸ್ಸಿನಲ್ಲಿ ಗೇಟು, ಕಂಬ, ಜನ ಎಲ್ಲ ಇದ್ದಾರೆ. ಬೇಡ.

ದೂರ ಹೋಗುವವರ ಪಾಠ

ನಮ್ಮ ಲೆಕ್ಕವೆಲ್ಲ ಹಾಸ್ಟೆಲ್ಲಿಂದ ಕ್ಲಾಸಿನ ದೂರದ್ದು. ಇಂಗ್ಲೆಂಡಿನ ಸಾಮರ್ಸೆಟ್‌ನ ಎಡ್ ಪ್ರ್ಯಾಟ್ ಎಂಬ ಹುಡುಗ ಯುನಿಸೈಕಲ್ಲಿನಲ್ಲಿ ಭೂಮಿಯನ್ನೇ ಸುತ್ತಿ ಬಂದ. 2015ರ ಮಾರ್ಚ್‌ನಲ್ಲಿ ಹೊರಟಾಗ ಅವನಿಗೆ ನಮ್ಮದೇ ವಯಸ್ಸು, 19. 2018ರ ಜುಲೈಯಲ್ಲಿ ಮನೆಗೆ ಮರಳಿದ. ಚಕ್ರ 36 ಇಂಚಿನದು. ಟೆಂಟ್, ಬಟ್ಟೆ, ಅಡುಗೆ ಸಾಮಾನನ್ನು ಯುನಿಸೈಕಲ್ಲಿಗೇ ಕಟ್ಟಿದ ಚೀಲಗಳಲ್ಲಿ ಒಯ್ದ.

ಬೆನ್ನಿಗೆ ಯಾಕೆ ಹಾಕಲಿಲ್ಲ? ಎತ್ತರದ ಲೆಕ್ಕದಲ್ಲಿ ಬೆನ್ನೂ ಫ್ರೇಮೂ ಒಂದೇ ಅಂತ ನೋಡಿದೆವಲ್ಲ. ಉತ್ತರ ಸೀಟಿನಲ್ಲಿದೆ. ಸೈಕಲ್ಲಿನಲ್ಲಿ ನಮ್ಮ ತೂಕವನ್ನು ಹ್ಯಾಂಡಲ್ ಸ್ವಲ್ಪ ಹಂಚಿಕೊಳ್ಳುತ್ತದೆ. ಯುನಿಸೈಕಲ್ಲಿನಲ್ಲಿ ಹೆಚ್ಚಿನ ಪಾಲು ಸೀಟಿಗೆ. ಬೆನ್ನಿನ 10 ಕಿಲೋ ಕೂಡ ಬೆನ್ನೆಲುಬಿನ ಮೂಲಕ ಇಳಿದು ಅದೇ ಅಂಗೈಯಗಲದ ಜಾಗಕ್ಕೆ ಬರುತ್ತದೆ. ಹತ್ತು ನಿಮಿಷಕ್ಕೆ ಪರವಾಗಿಲ್ಲ, ದಿನಗಟ್ಟಲೆ ಆಗಲ್ಲ. ಫ್ರೇಮಿಗೆ ಕಟ್ಟಿದ ತೂಕ ನಮ್ಮ ಮೈ ಮುಟ್ಟದೆ ನೇರ ಚಕ್ರಕ್ಕೆ ಹೋಗುತ್ತದೆ.

ಇದಕ್ಕೂ ಬೆಲೆ ಇದೆ. ಫ್ರೇಮಿಗೆ ಹೊರೆ ಕಟ್ಟಿದ ಯುನಿಸೈಕಲ್ ಹತ್ತುವುದು ಕಷ್ಟ, ಕಾಲು ಹಾಕುವ ಜಾಗಕ್ಕೇ ಚೀಲ ಅಡ್ಡ ಬರಬಹುದು. ಏರಿನಲ್ಲಿ ಗೇರ್ ಇಲ್ಲ. ಎಲ್ಲ ಸೇರಿ 90 ಕಿಲೋ ಇದ್ದು, 100 ಮೀಟರಿಗೆ 5 ಮೀಟರ್ ಏರುವ ರಸ್ತೆ ಆದರೆ ಹಿಂದಕ್ಕೆಳೆಯುವ ಬಲ 44 ನ್ಯೂಟನ್. 20 ಇಂಚಿನ ಚಕ್ರಕ್ಕೆ ಸರಾಸರಿ 11 ನ್ಯೂಟನ್ ಮೀಟರ್ ಟಾರ್ಕ್ ಸಾಕು, 36 ಇಂಚಿಗೆ 20 ಬೇಕು. ದೊಡ್ಡ ಚಕ್ರ ಸಮತಟ್ಟಿನಲ್ಲಿ ಕೊಡುವ ವೇಗವನ್ನು ಏರಿನಲ್ಲಿ ಮೊಣಕಾಲಿನಿಂದ ವಸೂಲಿ ಮಾಡುತ್ತದೆ.

ಮುಖ್ಯ ಪ್ರಶ್ನೆ: ಇಳಿಯೋದು ಹೇಗೆ

ಯುನಿಸೈಕಲ್ಲಿನ ಒಂದು ಒಳ್ಳೇ ಗುಣ ಅಂದರೆ, ಖಾಲಿ ಕೈಯಲ್ಲಿ ನಿಧಾನ ಹೋಗುವಾಗ ಸಾಮಾನ್ಯವಾಗಿ ನಾವು 'ಬೀಳೋದಿಲ್ಲ', 'ಇಳೀತೀವಿ'. ಬ್ಯಾಲೆನ್ಸ್ ತಪ್ಪಿದರೆ ಮುಂದಕ್ಕೆ ಹೆಜ್ಜೆ ಹಾಕಿ ಎರಡು ಹೆಜ್ಜೆ ಓಡಿ ನಿಲ್ತೀವಿ, ಯುನಿಸೈಕಲ್ ಹಿಂದೆ ಬೀಳುತ್ತದೆ. ಹೊರೆ ಕಿತ್ತುಕೊಳ್ಳುವುದು ಮೊದಲು ಈ ಗುಣವನ್ನೇ. ಎದೆಗೆ ಹಿಡಿದ ಪೆಟ್ಟಿಗೆ ಕಾಲು ಇಡುವ ನೆಲವನ್ನು ಮುಚ್ಚುತ್ತದೆ. ಎರಡು ಕೈಯಲ್ಲೂ ಸಾಮಾನಿದ್ದರೆ ನೆಲಕ್ಕೆ ಊರಲು ಕೈ ಇಲ್ಲ. ಸೊಂಟದ ಪಟ್ಟಿ ಹಾಕದ ಬ್ಯಾಗ್ ನಾವು ನಿಂತ ಮೇಲೂ ಮುಂದಕ್ಕೆ ಬಂದು ಕತ್ತಿನ ಹಿಂದೆ ತಳ್ಳುತ್ತದೆ. ಇನ್ನೂ ದೊಡ್ಡ ಅಪಾಯ ಮನಸ್ಸಿನದು: ಕೈಯಲ್ಲಿ ಮೊಟ್ಟೆಯೋ ಲ್ಯಾಪ್‌ಟಾಪೋ ಇದ್ದರೆ ನಾವು ನಮ್ಮನ್ನು ಬಿಟ್ಟು ಅದನ್ನು ಉಳಿಸೋಕೆ ಹೋಗ್ತೀವಿ.

ಅದಕ್ಕೇ ನಾವು ಪಾಲಿಸುವ ಕ್ರಮ ಇದು:

1. ಹೊರೆ ಕಟ್ಟಿಕೊಂಡು ನಿಂತ ಜಾಗದಲ್ಲೇ ಎರಡು ಸಲ ನೆಗೆಯಿರಿ. ಅದು ಅಲ್ಲಾಡಿದರೆ ಮತ್ತೆ ಕಟ್ಟಿ.
2. ಮೊದಲ ದಿನ ಖಾಲಿ ಬ್ಯಾಗ್. ಆಮೇಲೆ 2 ಕಿಲೋ, ಆಮೇಲೆ 5. ಹಳೇ ಬಟ್ಟೆ, ಪೇಪರ್ ತುಂಬಿ, ಲ್ಯಾಪ್‌ಟಾಪ್ ಅಲ್ಲ.
3. ಪ್ರತಿ ಹೊಸ ತೂಕಕ್ಕೂ ಓಡಿಸುವ ಮೊದಲು ಹತ್ತು ಸಲ ಹತ್ತಿ, ಹತ್ತು ಸಲ ಮುಂದಕ್ಕೆ ಇಳಿಯಿರಿ. ಹತ್ತಕ್ಕೆ ಹತ್ತೂ ಕಾಲ ಮೇಲೆ ನಿಂತರೆ ಮಾತ್ರ ಮುಂದೆ.
4. ಒಂದು ಕೈಯಾದರೂ ಖಾಲಿ ಇರಲಿ. ಹೆಲ್ಮೆಟ್, ಮಣಿಕಟ್ಟಿನ ಗಾರ್ಡ್ ಬೇಕೇ ಬೇಕು.
5. ಗಾಡಿಗಳು ಓಡಾಡದ ಜಾಗದಲ್ಲೇ ಕಲಿಯಿರಿ, ಇಳಿಜಾರು ಬೇಡ. ಹೊರೆ ಇದ್ದಾಗ ಹಿಂದಕ್ಕೆ ಒತ್ತಿ ನಿಲ್ಲಿಸಲು ಕಾಲಿಗೆ ಹೆಚ್ಚು ಬಲ ಬೇಕು.
6. ಬಿಸಿ ಸಾಂಬಾರಿನ ಡಬ್ಬಿ, ಗಾಜು, 20 ಲೀಟರ್ ಕ್ಯಾನ್, ಮಕ್ಕಳು – ಇವು ಯಾವತ್ತೂ ಇಲ್ಲ. ಎಷ್ಟು ಚೆನ್ನಾಗಿ ಓಡಿಸಿದರೂ ಇಲ್ಲ.

ಕೊನೆಯದಕ್ಕೆ ಕಾರಣ ಬ್ಯಾಲೆನ್ಸ್ ಅಲ್ಲ. ಈ ನಾಲ್ಕನ್ನೂ ಹೊತ್ತು ಓಡಿಸಬಲ್ಲವರು ಇರಬಹುದು. ಆದರೆ ಇವುಗಳ ಜೊತೆ ನೆಗೆದು ಇಳಿಯೋದಕ್ಕೆ ಯಾರಿಗೂ ಆಗಲ್ಲ, ಯಾಕಂದರೆ ಇಳಿಯುವಾಗ ಕೈಬಿಟ್ಟರೆ ಪೆಟ್ಟು ಬೀಳೋದು ಹೊರೆಗೋ ಪಕ್ಕದವರಿಗೋ ಅಥವಾ ನಮಗೋ, ಮೂರರಲ್ಲಿ ಒಬ್ಬರಿಗಂತೂ ಖಂಡಿತ.

ಮೆಕ್ಯಾನಿಕ್ಸ್ ಪರೀಕ್ಷೆಯಲ್ಲಿ ಹೊರೆ ಅಂದರೆ ಕೆಳಮುಖದ ಒಂದು ಬಾಣ. ಆ ಬಾಣವನ್ನು ಎಲ್ಲಿ ಬರೀತೀವಿ ಅನ್ನೋದರ ಮೇಲೆ ಇಡೀ ಉತ್ತರ ಬದಲಾಗುತ್ತೆ ಅಂತ ನಮಗೆಲ್ಲ ಗೊತ್ತು. ಯುನಿಸೈಕಲ್ ಹತ್ತಿದವರು ಅದೇ ಚಿತ್ರಕ್ಕೆ ಇನ್ನೊಂದು ಬಾಣ ಸೇರಿಸಿಕೊಳ್ಳಬೇಕು: ಬ್ಯಾಲೆನ್ಸ್ ತಪ್ಪಿದರೆ ಕಾಲು ಎಲ್ಲಿಗೆ ಹೋಗುತ್ತೆ ಅನ್ನೋದು. ಆ ಬಾಣಕ್ಕೆ ದಾರಿ ಖಾಲಿ ಇದ್ದರೆ ಹೊರೆ ಹೊರಿ. ಇಲ್ಲದಿದ್ದರೆ ಯುನಿಸೈಕಲ್ ತಳ್ಳಿಕೊಂಡು ನಡೆಯಿರಿ. ತಳ್ಳಿಕೊಂಡು ಹೋಗುವಾಗ ಸೀಟಿನ ಮೇಲೆ ಬ್ಯಾಗ್ ಇಟ್ಟರೆ ಅದೇ ಒಂದು ಒಳ್ಳೇ ತಳ್ಳುಗಾಡಿ!